ಬಣ್ಣದ ಜಿಲೇಬಿಯ ವಿಷಕ್ಕೆ ವಿಟಮಿನ್ ಮಾತ್ರೆ ಮದ್ದೇ?

ಕೃತಕ ಬಣ್ಣ ಹಾಕಿದ ತಿನಿಸು ಗಂಡಸರ ವೀರ್ಯವನ್ನೂ ಹೆಂಗಸರ ಅಂಡಾಶಯವನ್ನೂ ಕೆಡಿಸುತ್ತದೆ, ದಿನಕ್ಕೊಂದು ವಿಟಮಿನ್ ಸಿ ಮತ್ತು ವಿಟಮಿನ್ ಇ ಮಾತ್ರೆ ನುಂಗಿದರೆ ಆ ವಿಷ ಇಳಿಯುತ್ತದೆ ಎಂಬ ಧಾಟಿಯ ಸಂದೇಶಗಳು ಮೊಬೈಲುಗಳಲ್ಲಿ ಓಡಾಡುತ್ತಿರುತ್ತವೆ. ಕೊನೆಗೆ ‘ಇದು ವಿಜ್ಞಾನಿಗಳೇ ಕಂಡುಹಿಡಿದದ್ದು’ ಎಂಬ ಸಾಲು ಬೇರೆ. ತಮಾಷೆಯೆಂದರೆ ಇದು ಪೂರ್ತಿ ಸುಳ್ಳಲ್ಲ. ಇಲಿಗಳ ಮೇಲೆ ಇಂಥ ಪ್ರಯೋಗಗಳು ನಡೆದಿವೆ, ಬಣ್ಣ ಕೊಟ್ಟಾಗ ಹಾನಿ ಕಂಡಿದೆ, ಜೊತೆಗೆ ವಿಟಮಿನ್ ಕೊಟ್ಟಾಗ ಹಾನಿ ಕಡಿಮೆಯಾಗಿದೆ. ಆದರೆ ಅಲ್ಲಿಂದ ನಮ್ಮ ಊಟದ ತಟ್ಟೆಗೆ ಬರುವ ದಾರಿಯಲ್ಲಿ ಎಷ್ಟೋ ವಿಷಯಗಳು ಬಿಟ್ಟುಹೋಗಿವೆ. ಅವನ್ನೇ ಇಲ್ಲಿ ನೋಡೋಣ.

ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ಹುಮನಾಬಾದ್ ದಾಟಿ, ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ ಕಡೆ ಹೊರಟರೆ ದಾರಿಯುದ್ದಕ್ಕೂ ಧಾಬಾಗಳು, ಮಿಠಾಯಿ ಅಂಗಡಿಗಳು, ಸಂಜೆಯಾದರೆ ಗೋಬಿ ಮಂಚೂರಿಯ ಗಾಡಿಗಳು. ಜನವರಿಯ ವೀರಭದ್ರೇಶ್ವರ ಜಾತ್ರೆ ಇರಲಿ, ಮಾಣಿಕನಗರದ ದತ್ತ ಜಯಂತಿ ಇರಲಿ, ಬಸವ ಜಯಂತಿ ಇರಲಿ, ಮಕ್ಕಳ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೇ. ರಾಜ್ಯದ ಬೇರೆ ಊರುಗಳಲ್ಲೂ ಕಥೆ ಇದೇ. ಯಾವ ತಿನಿಸಿನ ಬಣ್ಣ ಕೇಸರಿಯದು, ಯಾವುದು ಅರಿಶಿಣದ್ದು, ಯಾವುದು ಬಟ್ಟೆಗೆ ಹಾಕುವ ಪುಡಿಯದು ಎಂದು ಕಣ್ಣಿನಿಂದ ಹೇಳುವುದು ಯಾರಿಗೂ ಸಾಧ್ಯವಿಲ್ಲ. ನನಗಂತೂ ಸಾಧ್ಯವಾಗಿಲ್ಲ.

ಎರಡು ಬಗೆಯ ಬಣ್ಣ, ಎರಡು ಬಗೆಯ ಅಪಾಯ

ನಮ್ಮ ದೇಶದ ಕಾನೂನು ಎಂಟು ಕೃತಕ ಬಣ್ಣಗಳನ್ನು ಆಹಾರದಲ್ಲಿ ಬಳಸಲು ಬಿಟ್ಟಿದೆ. ಹಳದಿಗೆ ಟಾರ್ಟ್ರಾಜೈನ್ ಮತ್ತು ಸನ್‌ಸೆಟ್ ಯೆಲ್ಲೋ, ಕೆಂಪಿಗೆ ಕಾರ್ಮೋಯ್ಸಿನ್, ಪಾಂಸೋ 4ಆರ್ ಮತ್ತು ಎರಿಥ್ರೋಸಿನ್, ನೀಲಿಗೆ ಇಂಡಿಗೋ ಕಾರ್ಮೈನ್ ಮತ್ತು ಬ್ರಿಲಿಯಂಟ್ ಬ್ಲೂ, ಹಸಿರಿಗೆ ಫಾಸ್ಟ್ ಗ್ರೀನ್. ಇವನ್ನೂ ಮನಸ್ಸಿಗೆ ಬಂದಷ್ಟು ಸುರಿಯುವಂತಿಲ್ಲ. ಹೆಚ್ಚಿನ ತಿನಿಸುಗಳಲ್ಲಿ ಒಂದು ಕಿಲೋಗೆ 100 ಮಿಲಿಗ್ರಾಂ ಮಿತಿ. ಅದಕ್ಕಿಂತ ಮುಖ್ಯವಾದ ಮತ್ತು ಜನ ಸಾಮಾನ್ಯವಾಗಿ ಮರೆಯುವ ಅಂಶವೆಂದರೆ, ಅನುಮತಿ ಇರುವುದು ಪಟ್ಟಿಯಲ್ಲಿ ಹೆಸರಿರುವ ತಿನಿಸುಗಳಿಗೆ ಮಾತ್ರ. ಐಸ್‌ಕ್ರೀಮಿಗೆ, ಬಿಸ್ಕತ್ತಿಗೆ, ಕೆಲವು ಸಿಹಿಗಳಿಗೆ ಹಾಕಬಹುದಾದ ಬಣ್ಣವನ್ನು ಬೇಳೆಗೆ, ಅರಿಶಿಣಕ್ಕೆ, ಮಾಂಸಕ್ಕೆ ಹಾಕುವಂತಿಲ್ಲ.

ಇನ್ನೊಂದು ಗುಂಪು ಆಹಾರದ ಬಣ್ಣವೇ ಅಲ್ಲದ್ದು. ಮೆಟಾನಿಲ್ ಯೆಲ್ಲೋ, ರೋಡಮಿನ್ ಬಿ, ಆರಮಿನ್, ಸುಡಾನ್ ಕೆಂಪು ಮುಂತಾದವು ಬಟ್ಟೆ, ಚರ್ಮ, ಕಾಗದ, ಮೇಣದಂಥ ವಸ್ತುಗಳಿಗೆಂದು ತಯಾರಾದವು. ಅಗ್ಗ, ಚಿಟಿಕೆ ಹಾಕಿದರೆ ಸಾಕು ಬಣ್ಣ ಕಣ್ಣು ಕುಕ್ಕುತ್ತದೆ, ಬಿಸಿಗೂ ಬಿಸಿಲಿಗೂ ಬೇಗ ಮಾಸುವುದಿಲ್ಲ. ಆಹಾರಕ್ಕೆ ಇವು ನುಸುಳುವುದಕ್ಕೆ ಕಾರಣವೂ ಅದೇ.

2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಾಂಬೆ ಮಿಠಾಯಿಗೆ ರೋಡಮಿನ್ ಬಿ ಹಾಕುವುದನ್ನೂ ನಿಷೇಧಿಸಿತು. ಅದಕ್ಕೆ ಮುಂಚೆ ರಾಜ್ಯದಾದ್ಯಂತ ಸಂಗ್ರಹಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ, ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿನ ಸರದಿ ಬಂತು. ಪರೀಕ್ಷಿಸಿದ 39 ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಯ್ಸಿನ್ ಇದ್ದವು. ಇವೆರಡೂ ಅನುಮತಿಯ ಪಟ್ಟಿಯಲ್ಲಿರುವ ಬಣ್ಣಗಳೇ ಎಂಬುದನ್ನು ಗಮನಿಸಿ. ಬಣ್ಣಕ್ಕೆ ಅನುಮತಿ ಇತ್ತು, ಕಬಾಬಿಗೆ ಇರಲಿಲ್ಲ.

ನಮ್ಮ ಬೀದರ್–ಕಲಬುರಗಿ ಭಾಗಕ್ಕೆ ಇದು ಇನ್ನೊಂದು ದಾರಿಯಿಂದಲೂ ತಟ್ಟುತ್ತದೆ. ಇದು ತೊಗರಿಯ ನಾಡು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಹಳೆಯ, ಬಣ್ಣಗೆಟ್ಟ ಬೇಳೆಗೆ ಹೊಳಪು ತರಲು ಮೆಟಾನಿಲ್ ಯೆಲ್ಲೋ ಬಳಿಯುವುದು ದೇಶದಲ್ಲಿ ಬಹಳ ಹಿಂದಿನಿಂದ ಸಿಕ್ಕಿಬೀಳುತ್ತಿರುವ ಕಲಬೆರಕೆ. ಜಿಲೇಬಿ ತಿಂಗಳಿಗೊಮ್ಮೆ, ಬೇಳೆ ದಿನಕ್ಕೆ ಎರಡು ಸಲ. ಹಾಗಾಗಿ ಚಿಂತೆ ಮಾಡುವುದಿದ್ದರೆ ಮೊದಲು ಬೇಳೆಯ ಡಬ್ಬಿಯ ಕಡೆ ನೋಡಬೇಕು.

ಇಲಿಯ ವೃಷಣದಲ್ಲಿ ಕಂಡದ್ದೇನು?

ಮೆಟಾನಿಲ್ ಯೆಲ್ಲೋ, ಟಾರ್ಟ್ರಾಜೈನ್ ಮುಂತಾದವು ‘ಅಜೋ’ ಬಣ್ಣಗಳು. ಎರಡು ಸಾರಜನಕದ ಪರಮಾಣುಗಳು ಜೋಡಿ ಕೊಂಡಿಯಿಂದ ಬೆಸೆದುಕೊಂಡು ಅಣುವಿನ ಎರಡು ಭಾಗಗಳನ್ನು ಹಿಡಿದಿರುತ್ತವೆ. ಬಣ್ಣ ಕಾಣುವುದು ಆ ಕೊಂಡಿಯಿಂದಲೇ. ಹೊಟ್ಟೆಗೆ ಹೋದ ಮೇಲೆ ಕರುಳಿನ ಬ್ಯಾಕ್ಟೀರಿಯಾಗಳು ಮತ್ತು ಯಕೃತ್ತಿನ ಕಿಣ್ವಗಳು ಕೊಂಡಿಯನ್ನು ಕತ್ತರಿಸುತ್ತವೆ. ಆಗ ಉಳಿಯುವ ತುಂಡುಗಳು ಆರೋಮ್ಯಾಟಿಕ್ ಅಮೀನುಗಳೆಂಬ ಗುಂಪಿನವು. ಕೆಲವು ತುಂಡುಗಳು ಸುಮ್ಮನೆ ಮೂತ್ರದಲ್ಲಿ ಹೋಗುತ್ತವೆ, ಕೆಲವು ಜೀವಕೋಶಗಳಲ್ಲಿ ಕೀಟಲೆ ಮಾಡುತ್ತವೆ. ಮೆಟಾನಿಲ್ ಯೆಲ್ಲೋದ ತುಂಡುಗಳು ಎರಡನೆಯ ಬಗೆಯವು ಎಂಬ ಅನುಮಾನ ಬಲವಾಗಿದೆ. ಲಖನೌದ ಕೈಗಾರಿಕಾ ವಿಷವಿಜ್ಞಾನ ಸಂಸ್ಥೆಯವರು ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಲಿಗಳಿಗೆ ಬಹಳ ಕಾಲ ಮೆಟಾನಿಲ್ ಯೆಲ್ಲೋ ತಿನ್ನಿಸಿ ನೋಡಿದಾಗ ಮೆದುಳಿನ ಡೋಪಮಿನ್, ಸೆರೊಟೋನಿನ್‌ನಂಥ ರಾಸಾಯನಿಕಗಳು ಏರುಪೇರಾದದ್ದೂ ಕಲಿಕೆಗೆ ಪೆಟ್ಟು ಬಿದ್ದದ್ದೂ ಕಂಡಿತ್ತು. ಅದು ಪ್ರಕಟವಾದದ್ದು 1993ರಲ್ಲಿ.

ಸಂತಾನದ ಅಂಗಗಳ ವಿಷಯಕ್ಕೆ ಬಂದರೆ, ಇಲಿಗಳಿಗೆ ಹೆಚ್ಚು ಪ್ರಮಾಣದ ಬಣ್ಣ ಕೊಟ್ಟ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ ಹೆಚ್ಚುಕಡಿಮೆ ಒಂದೇ. ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಆಕಾರ ಕೆಟ್ಟವು ಹೆಚ್ಚುತ್ತವೆ, ವೃಷಣದೊಳಗೆ ವೀರ್ಯಾಣು ತಯಾರಾಗುವ ಸಣ್ಣ ನಾಳಗಳ ಪದರ ಸಡಿಲವಾಗುತ್ತದೆ. ಅಂಡಾಶಯದ ಮೇಲಿನ ಪ್ರಯೋಗಗಳು ಕಡಿಮೆ, ಅಲ್ಲೂ ಅಂಡಕೋಶಗಳು ಬೆಳೆಯುವ ಪುಟ್ಟ ಚೀಲಗಳಿಗೆ ಪೆಟ್ಟಾದ ವರದಿಗಳಿವೆ. ಅಂಗಾಂಶವನ್ನು ಅರೆದು ಅಳೆದರೆ ಕೊಬ್ಬು ಕೆಟ್ಟಾಗ ಹುಟ್ಟುವ ವಸ್ತುಗಳು ಹೆಚ್ಚಿರುತ್ತವೆ.

ಕೊಬ್ಬು ಕೆಡುವುದು ಎಂದರೇನು? ಶೇಂಗಾ ಎಣ್ಣೆಯ ಡಬ್ಬಿ ಬಾಯಿ ತೆರೆದು ಬಿಸಿಲಲ್ಲಿಟ್ಟರೆ ಕಮಟು ವಾಸನೆ ಬರುತ್ತದಲ್ಲ, ಅದೇ. ಆಮ್ಲಜನಕ ಎಣ್ಣೆಯ ಅಣುವನ್ನು ಕೆಡಿಸುತ್ತದೆ, ಕೆಟ್ಟ ಅಣು ಪಕ್ಕದ್ದನ್ನು ಕೆಡಿಸುತ್ತದೆ, ಹೀಗೆ ಸರಪಳಿ ಸಾಗುತ್ತದೆ. ಈ ಸರಪಳಿಯನ್ನು ಎಳೆಯುವ ಚುರುಕು ಅಣುಗಳಿಗೆ ಮುಕ್ತ ರಾಡಿಕಲ್ ಎಂದು ಹೆಸರು. ವೀರ್ಯಾಣುವಿನ ಹೊರಪೊರೆಯಲ್ಲಿ ಬೇಗ ಕಮಟಾಗುವ ಜಾತಿಯ ಕೊಬ್ಬೇ ಹೆಚ್ಚು, ಏಕೆಂದರೆ ಬಾಲ ಬಳುಕಬೇಕಾದರೆ ಪೊರೆ ಮೆತ್ತಗಿರಬೇಕು. ಆದರೆ ಹಗುರಾಗಿ ಓಡಲೆಂದು ಅದು ತನ್ನ ಜೀವರಸವನ್ನು ಬಹುಪಾಲು ಕಳಚಿಕೊಂಡಿರುತ್ತದೆ, ಜೊತೆಗೆ ಅದರಲ್ಲಿದ್ದ ರಕ್ಷಣೆಯ ಕಿಣ್ವಗಳನ್ನೂ. ಹೀಗಾಗಿ ತನ್ನ ರಕ್ಷಣೆಗೆ ಅದು ಸುತ್ತಲಿನ ದ್ರವವನ್ನೇ ನೆಚ್ಚಿಕೊಂಡಿರುತ್ತದೆ. ಆ ದ್ರವದಲ್ಲಿ ವಿಟಮಿನ್ ಸಿ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ.

ವಿಟಮಿನ್ನುಗಳು ಈ ಕಥೆಗೆ ಬಂದ ಬಗೆ

ವಿಟಮಿನ್ ಇ ಮತ್ತು ಸಂತಾನದ ನಂಟು ಇಂದಿನದಲ್ಲ. 1922ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಎಂಬ ಇಬ್ಬರು ಒಂದು ವಿಚಿತ್ರ ಗಮನಿಸಿದರು. ಒಂದು ಬಗೆಯ ಆಹಾರ ತಿಂದ ಹೆಣ್ಣಿಲಿಗಳು ಗರ್ಭ ಧರಿಸುತ್ತಿದ್ದವು, ಆದರೆ ಭ್ರೂಣ ಒಳಗೇ ಕರಗಿಹೋಗುತ್ತಿತ್ತು. ಹಸಿರು ಸೊಪ್ಪು, ಗೋಧಿಯ ಮೊಳಕೆಯ ಭಾಗ ಸೇರಿಸಿದರೆ ಮರಿ ಹುಟ್ಟುತ್ತಿದ್ದವು. ಅದರಲ್ಲಿದ್ದ ವಸ್ತುವಿಗೆ ಮುಂದೆ ಟೋಕೋಫೆರಾಲ್ ಎಂಬ ಹೆಸರು ಬಂತು. ಗ್ರೀಕ್ ಭಾಷೆಯಲ್ಲಿ ‘ಟೋಕೋಸ್’ ಎಂದರೆ ಹೆರಿಗೆ, ಸಂತಾನ. ಹೆಸರಿನಲ್ಲೇ ಸಂತಾನ ಇರುವಾಗ ಔಷಧದ ಅಂಗಡಿಯಲ್ಲಿ ಇದು ‘ಮಕ್ಕಳಾಗುವ ವಿಟಮಿನ್’ ಆಗದೆ ಇದ್ದೀತೇ?

ವಿಟಮಿನ್ ಇ ಕೊಬ್ಬಿನಲ್ಲಿ ಕರಗುತ್ತದೆ, ಪೊರೆಯೊಳಗೆ ಹೋಗಿ ಕೂರುತ್ತದೆ. ಕಮಟಾಗುವ ಸರಪಳಿ ತನ್ನ ಬಳಿಗೆ ಬಂದಾಗ ತಾನೇ ಪೆಟ್ಟು ತಿಂದು ಸರಪಳಿ ತುಂಡರಿಸುತ್ತದೆ. ಪೆಟ್ಟು ತಿಂದ ವಿಟಮಿನ್ ಇಗೆ ಮತ್ತೆ ಜೀವ ಕೊಡುವುದು ನೀರಿನಲ್ಲಿ ಕರಗುವ ವಿಟಮಿನ್ ಸಿ. ಇವೆರಡೂ ಜೋಡಿಯಾಗಿ ದುಡಿಯುವುದರಿಂದಲೇ ಪ್ರಯೋಗಗಳಲ್ಲಿ ಒಟ್ಟಿಗೆ ಕೊಡುತ್ತಾರೆ.

ಮನುಷ್ಯರಲ್ಲೂ ಇದಕ್ಕೆ ಒಂದು ಒಳ್ಳೆಯ ಸಾಕ್ಷಿಯಿದೆ. 1991ರಲ್ಲಿ ಅಮೆರಿಕದ ಸಂಶೋಧಕರು ಕೆಲವೇ ಗಂಡಸರ ಆಹಾರದಲ್ಲಿ ವಿಟಮಿನ್ ಸಿಯನ್ನು ದಿನಕ್ಕೆ 250 ಮಿಲಿಗ್ರಾಂನಿಂದ 5 ಮಿಲಿಗ್ರಾಂಗೆ ಇಳಿಸಿ ನೋಡಿದರು. ವೀರ್ಯದಲ್ಲಿನ ವಿಟಮಿನ್ ಸಿ ಅರ್ಧಕ್ಕೆ ಇಳಿಯಿತು, ವೀರ್ಯಾಣುವಿನ ಡಿಎನ್‌ಎಗೆ ಆದ ಉತ್ಕರ್ಷಣದ ಹಾನಿ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಮತ್ತೆ ವಿಟಮಿನ್ ಕೊಟ್ಟಾಗ ಹಾನಿ ಇಳಿಯಿತು. ಕೊರತೆ ಇದ್ದವರಿಗೆ ಕೊರತೆ ತುಂಬಿದರೆ ಲಾಭ ಎಂಬುದು ಇದರಿಂದ ಸ್ಪಷ್ಟ. ಇರುವುದರ ಮೇಲೆ ಇನ್ನಷ್ಟು ಸುರಿದರೆ ಇನ್ನಷ್ಟು ಲಾಭ ಎಂದು ಇದು ಹೇಳುವುದಿಲ್ಲ. ಸಂದೇಶಗಳು ಜಾರುವುದು ಸರಿಯಾಗಿ ಇಲ್ಲೇ.

ಇಲಿಗೂ ನಮಗೂ ಇರುವ ಅಂತರ

ಮೊದಲನೆಯದು, ಇಲಿ ತನಗೆ ಬೇಕಾದ ವಿಟಮಿನ್ ಸಿಯನ್ನು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ. ನಾವು, ಮಂಗಗಳು, ಗಿನಿ ಹಂದಿಗಳು ಆ ಶಕ್ತಿ ಕಳೆದುಕೊಂಡವರು. ನಾವು ತಿಂದರೆ ಮಾತ್ರ ಉಂಟು. ಹಾಗಾಗಿ ಇಲಿಗೆ ಮೇಲಿಂದ ಕೊಟ್ಟ ವಿಟಮಿನ್ ಸಿಯ ಪರಿಣಾಮವನ್ನು ನೇರವಾಗಿ ನಮ್ಮ ಮೇಲೆ ಹೊರಿಸುವುದು ಕಷ್ಟ. ಇದು ಎರಡೂ ಕಡೆ ಹರಿಯುವ ಕತ್ತಿ ಎಂಬುದೂ ನಿಜ. ಸೊಪ್ಪು, ಹಣ್ಣು ಸರಿಯಾಗಿ ತಿನ್ನದ ಮನುಷ್ಯ ಇಲಿಗಿಂತ ದುರ್ಬಲ ಸ್ಥಿತಿಯಲ್ಲಿರಬಹುದು.

ಎರಡನೆಯದು ಪ್ರಮಾಣ. ಇದರ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಇಂಥ ಪ್ರಯೋಗಗಳಲ್ಲಿ ಕುಡಿಯುವ ನೀರಿಗೆ ಶೇ 1ರಷ್ಟು ಬಣ್ಣ ಬೆರೆಸುವುದು ಉಂಟು. 30 ಗ್ರಾಂ ತೂಕದ ಚಿಕ್ಕಿಲಿ ದಿನಕ್ಕೆ 5 ಮಿಲಿಲೀಟರ್ ಕುಡಿದರೆ 50 ಮಿಲಿಗ್ರಾಂ ಬಣ್ಣ ಒಳಗೆ ಹೋಯಿತು. ತೂಕದ ಲೆಕ್ಕದಲ್ಲಿ 60 ಕಿಲೋ ಮನುಷ್ಯ ದಿನಕ್ಕೆ 100 ಗ್ರಾಂ ಬಣ್ಣದ ಪುಡಿ ತಿಂದಂತೆ. ಅಷ್ಟು ಬಣ್ಣವನ್ನು ಯಾವ ಹಲವಾಯಿಯೂ ನಿಮಗೆ ತಿನ್ನಿಸಲಾರ. ವಿಟಮಿನ್ನಿನ ಕಡೆಯೂ ಹೀಗೆಯೇ. ಇಲಿಗಳಿಗೆ ಕಿಲೋ ತೂಕಕ್ಕೆ 100–200 ಮಿಲಿಗ್ರಾಂ ವಿಟಮಿನ್ ಸಿ ಕೊಡುವುದು ವಾಡಿಕೆ. ನಮ್ಮ ದೇಶದ ಶಿಫಾರಸು ಗಂಡಸಿಗೆ ದಿನಕ್ಕೆ ಒಟ್ಟು 80 ಮಿಲಿಗ್ರಾಂ, ಹೆಂಗಸಿಗೆ 65.

ಮೂರನೆಯದು ಸಮಯ. ಪ್ರಯೋಗದಲ್ಲಿ ಬಣ್ಣ ಕೊಡುವಾಗಲೇ, ಕೆಲವೊಮ್ಮೆ ಅದಕ್ಕೂ ಮೊದಲೇ, ವಿಟಮಿನ್ ಕೊಡುತ್ತಾರೆ. ಹತ್ತು ವರ್ಷ ತಿಂದ ಮೇಲೆ ಮಾತ್ರೆ ನುಂಗಿ ಹಿಂದಿನದನ್ನು ತೊಳೆದುಕೊಳ್ಳುವ ಪ್ರಶ್ನೆಗೆ ಆ ಪ್ರಯೋಗ ಉತ್ತರ ಕೊಡುವುದೇ ಇಲ್ಲ. ಜೊತೆಗೆ, ಬಹುತೇಕ ವರದಿಗಳನ್ನು ತಾಳ್ಮೆಯಿಂದ ಓದಿದರೆ ವಿಟಮಿನ್ ಕೊಟ್ಟ ಗುಂಪಿನಲ್ಲಿ ಹಾನಿ ‘ಕಡಿಮೆ’ಯಾಗಿರುತ್ತದೆ, ಇಲ್ಲವಾಗಿರುವುದಿಲ್ಲ. ಬಣ್ಣವನ್ನೇ ಕೊಡದ ಗುಂಪಿನ ಇಲಿಗಳೇ ಎಲ್ಲದರಲ್ಲೂ ಆರೋಗ್ಯವಾಗಿರುತ್ತವೆ. ಪ್ರಯೋಗದ ಕೋಷ್ಟಕದಲ್ಲಿ ಮೊದಲ ಸಾಲಿನಲ್ಲೇ ಇರುವ ಈ ಗುಂಪು ಸಂದೇಶಗಳಲ್ಲಿ ಮಾತ್ರ ಎಲ್ಲೂ ಕಾಣುವುದಿಲ್ಲ.

ಇನ್ನು ಬಣ್ಣದ ಎಲ್ಲ ಹಾನಿಯೂ ಉತ್ಕರ್ಷಣದ ದಾರಿಯಲ್ಲೇ ಬರಬೇಕೆಂದಿಲ್ಲ. ಅರಿಶಿಣಕ್ಕೆ ಹೊಳಪು ತರಲು ಬಳಿಯುವ ಸೀಸದ ಕ್ರೋಮೇಟ್ ಇದಕ್ಕೆ ಅತ್ಯಂತ ಕೆಟ್ಟ ಉದಾಹರಣೆ. ಸೀಸ ವೀರ್ಯಾಣುವಿಗೂ ಹಾನಿ, ಗರ್ಭಿಣಿಯ ಮೂಳೆಯಿಂದ ಕರಗಿ ಬಂದು ಮಗುವಿನ ಮೆದುಳಿಗೂ ಹಾನಿ. ಇಲ್ಲಿ ಮನುಷ್ಯರಲ್ಲೇ ಸಾಕ್ಷಿ ಇದೆ, ಇಲಿಯ ಮಾತಿಲ್ಲ. ಮೂಳೆ ಸೇರಿದ ಸೀಸವನ್ನು ವಿಟಮಿನ್ ಮಾತ್ರೆ ಹೊರಗೆ ತರುವುದಿಲ್ಲ. ನೆರೆಯ ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಅರಿಶಿಣದ ಮಾದರಿಗಳಲ್ಲಿ ಅರ್ಧದಷ್ಟರಲ್ಲಿ ಸೀಸವಿತ್ತು. ಸಗಟು ಮಾರುಕಟ್ಟೆಗಳ ಮೇಲೆ ದಾಳಿ, ದಂಡ, ಪ್ರಚಾರ ನಡೆದು 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಅಲ್ಲಿ ಯಾರಿಗೂ ಮಾತ್ರೆ ಹಂಚಲಿಲ್ಲ.

ಮನುಷ್ಯರ ಮೇಲಿನ ಪರೀಕ್ಷೆಗಳು

ಮಕ್ಕಳಾಗದ ದಂಪತಿಗೆ ಆಂಟಿಆಕ್ಸಿಡೆಂಟ್ ಮಾತ್ರೆ ಬರೆದುಕೊಡುವುದು ಇವತ್ತು ಸಾಮಾನ್ಯ. ಫಲವನ್ನು ಸರಿಯಾಗಿ ಅಳೆದ ದೊಡ್ಡ ಪರೀಕ್ಷೆಗಳು ನಿರಾಸೆ ತಂದಿವೆ. ಅಮೆರಿಕದಲ್ಲಿ 2,370 ದಂಪತಿಗಳನ್ನು ಸೇರಿಸಿಕೊಂಡ ಒಂದು ಪರೀಕ್ಷೆಯಲ್ಲಿ ಗಂಡಸರಿಗೆ ಆರು ತಿಂಗಳು ಸತು ಮತ್ತು ಫೋಲಿಕ್ ಆಮ್ಲ ಕೊಟ್ಟರು, ಅರ್ಧ ಜನರಿಗೆ ಔಷಧವಿಲ್ಲದ ಸಪ್ಪೆ ಮಾತ್ರೆ. 2020ರಲ್ಲಿ ಬಂದ ಫಲಿತಾಂಶ: ಮಗು ಹುಟ್ಟಿದ ಪ್ರಮಾಣ ಒಂದು ಗುಂಪಿನಲ್ಲಿ ಶೇ 34, ಇನ್ನೊಂದರಲ್ಲಿ ಶೇ 35. ಮಾತ್ರೆ ತಿಂದ ಗುಂಪಿನಲ್ಲಿ ಹೊಟ್ಟೆಯ ತೊಂದರೆ ಹೆಚ್ಚಾಗಿತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಪರೀಕ್ಷೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಸುಮಾರು 170 ಗಂಡಸರಿಗೆ ವಿಟಮಿನ್ ಸಿ, ಇ, ಸೆಲೆನಿಯಂ ಮೊದಲಾದವು ಸೇರಿದ ಮಿಶ್ರಣ ಅಥವಾ ಸಪ್ಪೆ ಮಾತ್ರೆ. ಮೂರು ತಿಂಗಳ ನಂತರ ವೀರ್ಯಾಣುವಿನ ಗುಣದಲ್ಲಾಗಲಿ ಅದರ ಡಿಎನ್‌ಎಯಲ್ಲಾಗಲಿ ಗುರುತಿಸುವಂಥ ಸುಧಾರಣೆ ಇರಲಿಲ್ಲ.

‘ತಿಂದರೆ ತೊಂದರೆಯೇನಿಲ್ಲವಲ್ಲ’ ಎನ್ನುವವರಿಗೆ ಮೂರು ಸಂಗತಿ ಹೇಳಬೇಕು. ದಿನಕ್ಕೆ 400 ಯೂನಿಟ್ ವಿಟಮಿನ್ ಇಯನ್ನು ವರ್ಷಗಟ್ಟಲೆ ಕೊಟ್ಟ, 35 ಸಾವಿರಕ್ಕೂ ಹೆಚ್ಚು ಗಂಡಸರಿದ್ದ ಪರೀಕ್ಷೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾದದ್ದು 2011ರಲ್ಲಿ ಗೊತ್ತಾಯಿತು. ಕೂದಲಿಗೆ, ಮುಖಕ್ಕೆ ಎಂದು ನಮ್ಮ ಮನೆಗಳಲ್ಲಿ ಸಲೀಸಾಗಿ ನುಂಗುವ ಹಸಿರು ಕ್ಯಾಪ್ಸೂಲಿನ ಮೇಲೂ 400 ಎಂಬ ಅಂಕಿ ಇರುತ್ತದೆ, ಒಮ್ಮೆ ನೋಡಿ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29 ಸಾವಿರ ಗಂಡಸರ ಪರೀಕ್ಷೆಯಲ್ಲಿ ಬೀಟಾ ಕೆರೋಟಿನ್ ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ 18 ಹೆಚ್ಚು ಬಂದಿತ್ತು, ಇದು 1994ರ ಮಾತು. ಸ್ವೀಡನ್ನಿನಲ್ಲಿ ವಿಟಮಿನ್ ಸಿ ಮಾತ್ರೆ ತಿನ್ನುವ ಗಂಡಸರಲ್ಲಿ ಮೂತ್ರಪಿಂಡದ ಕಲ್ಲು ಸುಮಾರು ಎರಡು ಪಟ್ಟು ಕಂಡಿತು. ನಮ್ಮದು ಮೊದಲೇ ಬಿಸಿಲ ನಾಡು. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದು ಕಲ್ಲು ಮಾಡಿಕೊಳ್ಳುವವರು ಇಲ್ಲಿ ಕಡಿಮೆಯೇನಿಲ್ಲ.

ಹಾಗಾದರೆ ಚಿಟಿಕೆ ಬಣ್ಣ ಎಷ್ಟು ದೊಡ್ಡ ಅಪಾಯ?

ಹೆದರಿಸುವುದು ಸುಲಭ, ಆದ್ದರಿಂದ ಇದನ್ನೂ ಲೆಕ್ಕ ಹಾಕೋಣ. ಟಾರ್ಟ್ರಾಜೈನ್‌ಗೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುವ ಮಿತಿ ದಿನಕ್ಕೆ ಕಿಲೋ ತೂಕಕ್ಕೆ 7.5 ಮಿಲಿಗ್ರಾಂ. 15 ಕಿಲೋ ತೂಗುವ ಮಗುವಿಗೆ 112 ಮಿಲಿಗ್ರಾಂ. ಜಿಲೇಬಿಯಲ್ಲಿ ಕಾನೂನಿನ ಮಿತಿಯಷ್ಟೇ ಬಣ್ಣವಿದ್ದರೆ ಈ ಗೆರೆ ದಾಟಲು ಮಗು ಒಂದು ಕಿಲೋಗಿಂತ ಹೆಚ್ಚು ಜಿಲೇಬಿ ತಿನ್ನಬೇಕು. ಅಷ್ಟರಲ್ಲಿ ಸಕ್ಕರೆಯೇ ತನ್ನ ಕೆಲಸ ಮಾಡಿರುತ್ತದೆ. ಆದರೆ ಎಲ್ಲ ಬಣ್ಣಕ್ಕೂ ಇಷ್ಟು ಸಡಿಲ ಮಿತಿ ಇಲ್ಲ. ಗುಲಾಬಿ ಬಣ್ಣ ಕೊಡುವ ಎರಿಥ್ರೋಸಿನ್‌ಗೆ ಮಿತಿ ಕಿಲೋ ತೂಕಕ್ಕೆ ಕೇವಲ 0.1 ಮಿಲಿಗ್ರಾಂ. ಅದೇ ಮಗುವಿಗೆ 1.5 ಮಿಲಿಗ್ರಾಂ. ಕಿಲೋಗೆ 100 ಮಿಲಿಗ್ರಾಂ ಲೆಕ್ಕದಲ್ಲಿ ಬೆರೆತಿದ್ದರೆ 15 ಗ್ರಾಂ ತಿನಿಸು ಸಾಕು, ಎಂದರೆ ಒಂದೆರಡು ತುತ್ತು.

ಇನ್ನು ಅಡುಗೆಯವರ ಚಿಟಿಕೆಗೆ ತೂಕವಿಲ್ಲ. ಕಾಲು ಗ್ರಾಂ ಎಂದೇ ಹಿಡಿದರೂ ಒಂದು ಕಿಲೋ ತಿನಿಸಿನಲ್ಲಿ ಅದು 250 ಮಿಲಿಗ್ರಾಂ, ಮಿತಿಯ ಎರಡೂವರೆ ಪಟ್ಟು. ಕಿರಾಣಿ ಅಂಗಡಿಯ ಪುಟ್ಟ ಡಬ್ಬಿಗಳಲ್ಲಿ ಬಣ್ಣದ ಜೊತೆ ಉಪ್ಪು ಮುಂತಾದ ಪುಡಿ ಬೆರೆಸಿರುತ್ತಾರೆ, ಹಾಗಾಗಿ ನಿಜವಾದ ಬಣ್ಣ ಎಷ್ಟು ಬಿತ್ತೆಂದು ಹಾಕಿದವರಿಗೂ ಗೊತ್ತಿರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಆ ನಗರದಲ್ಲೇ ಸಮೀಕ್ಷೆ ಮಾಡಿದಾಗ ಕೆಲವರು, ಅದರಲ್ಲೂ ಮಕ್ಕಳು, ದಿನದ ಮಿತಿ ಮೀರುತ್ತಿದ್ದದ್ದು ಕಂಡಿತ್ತು. ಮೆಟಾನಿಲ್ ಯೆಲ್ಲೋ, ರೋಡಮಿನ್ ಬಿ ವಿಷಯದಲ್ಲಂತೂ ಲೆಕ್ಕ ಹಾಕಲು ಮಿತಿಯೇ ಇಲ್ಲ. ಅವು ಆಹಾರದಲ್ಲಿ ಇರಲೇಬಾರದವು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಸ್ಪಷ್ಟವಾಗಿರಲಿ. ನಾವು ತಿನ್ನುವ ಪ್ರಮಾಣದ ಬಣ್ಣದಿಂದ ಮನುಷ್ಯರಲ್ಲಿ ಬಂಜೆತನ ಬರುತ್ತದೆ ಎಂದು ಸಾಬೀತಾಗಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮದುವೆಯಾಗಿ ಎರಡು ವರ್ಷ ಕಳೆದರೆ ನಮ್ಮ ಕಡೆ ಸೊಸೆಯ ಕಡೆಗೆ ಬೊಟ್ಟು ಮಾಡುವುದು ಶುರುವಾಗುತ್ತದೆ. ಆಕೆಗೆ ಹರಕೆ, ಆಕೆಗೆ ಔಷಧ, ಆಕೆಗೆ ತಪಾಸಣೆ. ಸರಿಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ಎಲ್ಲ ಪರೀಕ್ಷೆಗಳಿಗಿಂತ ಅಗ್ಗ, ನೋವಿಲ್ಲದ್ದು, ಆದರೂ ಅದು ಕೊನೆಗೆ ಬರುತ್ತದೆ. ವೃಷಣದ ರಕ್ತನಾಳಗಳು ಉಬ್ಬಿರುವುದು, ತಂಬಾಕು, ಗುಟ್ಕಾ, ಸಾರಾಯಿ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಜಿಮ್ಮಿನಲ್ಲಿ ಚುಚ್ಚಿಕೊಳ್ಳುವ ಹಾರ್ಮೋನು, ಒಲೆಯ ಮುಂದೆ ಅಥವಾ ಲಾರಿಯ ಇಂಜಿನ್ನಿನ ಬಿಸಿಯಲ್ಲಿ ದಿನವಿಡೀ ಕೂರುವುದು, ಇವೆಲ್ಲ ಬಣ್ಣದ ಜಿಲೇಬಿಗಿಂತ ಮೊದಲು ವಿಚಾರಿಸಬೇಕಾದ ಕಾರಣಗಳು. ಒಂದು ವರ್ಷ ಪ್ರಯತ್ನಿಸಿ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಲ್ಲೇ, ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಬೇಕು. ಮಾತ್ರೆ ತಿನ್ನುತ್ತಾ ಕಳೆದ ಎರಡು ವರ್ಷ ಮರಳಿ ಬರುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಅರಿಶಿಣದ ನೀರಿಗೆ ಸುಣ್ಣ ಹಾಕಿದರೆ ಆರತಿಯ ಕೆಂಪು ಬರುವುದು ಎಲ್ಲರಿಗೂ ಗೊತ್ತು. ಅರಿಶಿಣ ಕ್ಷಾರಕ್ಕೆ ಬಣ್ಣ ಬದಲಿಸುತ್ತದೆ. ಮೆಟಾನಿಲ್ ಯೆಲ್ಲೋ ಇದಕ್ಕೆ ತಿರುಗುಮುರುಗು. ಪ್ರಬಲ ಆಮ್ಲ ಬಿದ್ದರೆ ಕಡು ಗುಲಾಬಿಯಾಗುತ್ತದೆ. ಬೇಳೆ ತೊಳೆದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿ ನೋಡುವ ಪರೀಕ್ಷೆ ಇದನ್ನೇ ನೆಚ್ಚಿದೆ. ಶುದ್ಧ ಅರಿಶಿಣವೂ ಆ ಆಮ್ಲದಲ್ಲಿ ಗುಲಾಬಿಯಾಗುತ್ತದೆ, ಆದರೆ ನೀರು ಬೆರೆಸಿದರೆ ಅದು ಮಾಯ. ನೀರು ಹಾಕಿದ ಮೇಲೂ ಉಳಿದರೆ ಮೆಟಾನಿಲ್ ಯೆಲ್ಲೋದ ಅನುಮಾನ. ಕೆಲವು ವಿಡಿಯೋಗಳಲ್ಲಿ ಕಕ್ಕಸು ತೊಳೆಯುವ ಆಸಿಡ್ ತಂದು ಅಡುಗೆಮನೆಯಲ್ಲೇ ಇದನ್ನು ಮಾಡಿ ತೋರಿಸುತ್ತಾರೆ. ದಯವಿಟ್ಟು ಬೇಡ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೇಷ್ಟ್ರ ಮುಂದೆ ಮಾಡುವ ಕೆಲಸ ಅದು. ಮನೆಯಲ್ಲಾದರೆ ಒಂದು ಲೋಟ ನೀರಿಗೆ ಚಮಚ ಅರಿಶಿಣ ಹಾಕಿ ಅಲುಗಿಸದೆ ಬಿಡಿ. ಒಳ್ಳೆಯದು ತೆಳು ಹಳದಿ ಬಿಟ್ಟು ತಳಕ್ಕೆ ಕೂರುತ್ತದೆ, ಬಣ್ಣ ಬೆರೆತದ್ದು ನೀರನ್ನೆಲ್ಲ ಗಾಢ ಹಳದಿ ಮಾಡುತ್ತದೆ. ಇದು ಸುಳಿವು ಮಾತ್ರ, ತೀರ್ಪಲ್ಲ.

ತೀರ್ಪು ಬೇಕಾದರೆ ದಾರಿ ಇದೆ. 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಮಿನ ಪ್ರಕಾರ, ಕೊಂಡ ಯಾವುದೇ ಗ್ರಾಹಕ ಶುಲ್ಕ ಕಟ್ಟಿ ತಿನಿಸನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಟ್ಟರೆ ಅವರೇ ಮಾದರಿ ತೆಗೆದು ಕಳಿಸಬೇಕು. ಪೊಟ್ಟಣದ ತಿನಿಸಾದರೆ 14 ಅಂಕಿಯ ಪರವಾನಗಿ ಸಂಖ್ಯೆ ನೋಡಿ, ಪದಾರ್ಥಗಳ ಸಾಲಿನಲ್ಲಿ 102, 110, 122, 124, 127, 132, 133, 143 ಎಂಬ ಅಂಕಿಗಳಿವೆಯೇ ನೋಡಿ. ಅವೇ ಆ ಎಂಟು ಬಣ್ಣಗಳು. ಮಿಠಾಯಿ ಅಂಗಡಿಯಲ್ಲಿ ‘ಬಣ್ಣ ಹಾಕದ್ದು ಕೊಡ್ರಿ’ ಎಂದು ಕೇಳುವುದಕ್ಕೂ ಬೆಲೆ ಇದೆ. ಮದುವೆಯ ಬೂಂದಿಗೆ ಆರ್ಡರ್ ಕೊಡುವವರು ಹೀಗೆ ಹೇಳಿದರೆ ಹಲವಾಯಿಗೆ ಒಂದು ಖರ್ಚು ಉಳಿಯುತ್ತದೆ, ಬೂಂದಿಯ ರುಚಿ ಎಳ್ಳಷ್ಟೂ ಬದಲಾಗುವುದಿಲ್ಲ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಬಿಳಿಯಾಗಿದ್ದರೂ ಆರತಿಯೇ.

ವಿಟಮಿನ್ನಿಗೆ ಮಾತ್ರೆಯ ಅಂಗಡಿಗೆ ಹೋಗಬೇಕಿಲ್ಲ. ಒಂದು ಮಧ್ಯಮ ಗಾತ್ರದ ಪೇರಲದಲ್ಲಿ ಗಂಡಸಿಗೆ ಬೇಕಾದ 80 ಮಿಲಿಗ್ರಾಂ ವಿಟಮಿನ್ ಸಿಗಿಂತ ಹೆಚ್ಚೇ ಇದೆ. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂ ದಾಟುತ್ತದೆ, ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು, ನುಗ್ಗೆ ಸೊಪ್ಪಿನಲ್ಲಿ ಸುಮಾರು 100. ಬೇಯಿಸಿದರೆ ಒಂದಷ್ಟು ನಷ್ಟವಾಗುವುದರಿಂದ ಊಟದ ಜೊತೆ ಹಸಿಯಾಗಿ ಏನಾದರೂ ಇರಲಿ, ಲಿಂಬೆ ಹಿಂಡಿದ ಉಳ್ಳಾಗಡ್ಡಿ ಆದರೂ ಸರಿ. ವಿಟಮಿನ್ ಇಗೆ ಶೇಂಗಾ ಹಿಂಡಿ, ಕುಸುಬೆ ಎಣ್ಣೆ. ರೊಟ್ಟಿಯ ಪಕ್ಕ ಹಿಂಡಿ ಬಡಿಸಿಕೊಳ್ಳುವ ನಾಡಿನಲ್ಲಿ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕುಸುಬೆ ಒಂದು ಕಾಲದಲ್ಲಿ ಬೀದರ್, ಕಲಬುರಗಿಯ ಹೊಲದಂಚಿನಲ್ಲೆಲ್ಲ ಇತ್ತು, ಈಗ ಹುಡುಕಬೇಕು.

ಕೊನೆಯದಾಗಿ ಒಂದು ಉಪಯುಕ್ತ ಅಂಕಿ. ಒಂದು ವೀರ್ಯಾಣು ಮೊದಲ ಕೋಶದಿಂದ ಪೂರ್ತಿ ಬೆಳೆಯಲು ಸುಮಾರು 74 ದಿನ ಬೇಕು. ತಂಬಾಕು ಬಿಟ್ಟವರು, ಊಟ ಸರಿಮಾಡಿಕೊಂಡವರು, ಬಣ್ಣದ ತಿನಿಸು ನಿಲ್ಲಿಸಿದವರು ಮರುವಾರವೇ ಪರೀಕ್ಷೆ ಮಾಡಿಸಿ ನಿರಾಶರಾಗುವುದು ಬೇಡ. ಮುಂದಿನ ಪರೀಕ್ಷೆಯನ್ನು ಮೂರು ತಿಂಗಳ ನಂತರಕ್ಕೆ ಇಟ್ಟುಕೊಳ್ಳಿ.